ಸ್ನಾನ ಮಾಡಿಸಿದ ಮೂರೇ ದಿನಕ್ಕೆ ನಾಯಿಯ ಮೈಯಲ್ಲಿ ಮತ್ತೆ ಚಿಗಟ: ತಪ್ಪು ಎಲ್ಲಿ ಆಗುತ್ತಿದೆ?

ಮಲೆನಾಡಿನ ಕೃಷಿಕ (ಪ್ರಶ್ನೆ)

ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಮನೆ ಮತ್ತು ಅಡಿಕೆ ತೋಟ ಇವೆ. ಮನೆಯಲ್ಲಿ ಕರಿಯ ಎಂಬ 4 ವರ್ಷದ ಊರುನಾಯಿ ಇದೆ. ತೂಕ ಸುಮಾರು 18 ಕಿಲೋ. ಇದರ ಜೊತೆಗೆ ಒಂದು ಬೆಕ್ಕೂ ಕೊಟ್ಟಿಗೆಯಲ್ಲಿ ಎರಡು ದನಗಳೂ ಇವೆ. ಮಳೆ ಹಿಡಿದಂದಿನಿಂದ ಕರಿಯ ರಾತ್ರಿಯಿಡೀ ಬಾಲದ ಬುಡವನ್ನೂ ತೊಡೆಯ ಹಿಂಭಾಗವನ್ನೂ ಕಚ್ಚಿಕೊಳ್ಳುತ್ತಿದೆ. ಅಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿದೆ. ಕೂದಲನ್ನು ಬಿಡಿಸಿ ನೋಡಿದರೆ ಕಂದುಬಣ್ಣದ ಸಣ್ಣ ಹುಳುಗಳು ಸರ್ರನೆ ಸರಿದು ಮರೆಯಾಗುತ್ತವೆ. ಹಿಡಿಯಲು ಹೋದರೆ ಹಾರುತ್ತವೆ.

ಪೇಟೆಯ ಔಷಧದ ಅಂಗಡಿಯವರು ಕೊಟ್ಟ ಶಾಂಪೂವಿನಿಂದ ಸ್ನಾನ ಮಾಡಿಸಿ, ಮರುದಿನ ಅವರೇ ಕೊಟ್ಟ ಹನಿ ಔಷಧವನ್ನು ಬೆನ್ನಿಗೆ ಹಾಕಿದೆ. ಅದರ ಮರುದಿನ ಅದು ಗದ್ದೆಯ ಕೆಸರಿನಲ್ಲಿ ಹೊರಳಿ ಬಂದದ್ದರಿಂದ ಮತ್ತೆ ಸ್ನಾನ ಮಾಡಿಸಬೇಕಾಯಿತು. ಮೂರೇ ದಿನಕ್ಕೆ ಹುಳುಗಳು ಮೊದಲಿನಷ್ಟೇ ಇದ್ದವು. ಔಷಧ ಕಳಪೆಯೇ, ಅಥವಾ ನಾನು ಬಳಸಿದ ರೀತಿ ತಪ್ಪೇ? ಈಗ ಮನೆಯವರ ಕಾಲಿಗೂ, ಮುಖ್ಯವಾಗಿ ಗಂಟಿನ ಸುತ್ತ, ಸಾಲಾಗಿ ಕಚ್ಚಿದ ಗುರುತುಗಳು ಬೀಳುತ್ತಿವೆ. ತೋಟಕ್ಕೆ ಬರುವ ಕೆಲಸದವರೊಬ್ಬರು ಬೆಳೆಗೆ ಹೊಡೆಯುವ ಕೀಟನಾಶಕವನ್ನು ನೀರಿನಲ್ಲಿ ತೆಳುಮಾಡಿ ಮೈಗೆ ಸವರಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಎನ್ನುತ್ತಾರೆ. ನನಗೆ ಧೈರ್ಯ ಬಂದಿಲ್ಲ. ಹನಿ ಔಷಧ ಇನ್ನೂ ಅರ್ಧ ಉಳಿದಿದೆ. ಬೆಕ್ಕಿಗೂ ಅದನ್ನೇ ಹಾಕಬಹುದೇ ಎಂಬುದನ್ನೂ ತಿಳಿದವರು ಹೇಳಬೇಕು.

ನಿವೃತ್ತ ಪಶುವೈದ್ಯ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೀವದ ಪ್ರಶ್ನೆ. ಉಳಿದ ಔಷಧವನ್ನು ಬೆಕ್ಕಿಗೆ ಹಾಕಬೇಡಿ. ಪೊಟ್ಟಣದ ಮೇಲೆ ಪರ್ಮೆಥ್ರಿನ್ ಅಥವಾ ಅಮಿಟ್ರಾಜ್ ಎಂಬ ಹೆಸರಿದೆಯೇ ಎಂದು ನೋಡಿ ತಿಳಿಸಿ. ನಾಯಿಯ ಯಕೃತ್ತು ಪರ್ಮೆಥ್ರಿನ್ನನ್ನು ಬೇಗ ಒಡೆದು ಹೊರಹಾಕುತ್ತದೆ, ಬೆಕ್ಕಿನ ಯಕೃತ್ತಿಗೆ ಆ ಸಾಮರ್ಥ್ಯ ಬಹಳ ಕಡಿಮೆ. ನಾಯಿಗೆ ಏನೂ ಮಾಡದ ಪ್ರಮಾಣವೇ ಬೆಕ್ಕಿನಲ್ಲಿ ನಡುಕ, ಸೆಳೆತ ತಂದು ಸಾವಿಗೂ ಕಾರಣವಾಗಬಹುದು. ಬೆಕ್ಕು ಕರಿಯನ ಪಕ್ಕದಲ್ಲಿ ಮಲಗುವ ಅಥವಾ ಅದರ ಮೈ ನೆಕ್ಕುವ ಅಭ್ಯಾಸ ಉಳ್ಳದ್ದಾದರೆ, ಔಷಧ ಪೂರ್ತಿ ಒಣಗುವವರೆಗೆ ಎರಡನ್ನೂ ಬೇರೆ ಬೇರೆ ಇಡಿ.

ಬೆಳೆಯ ಕೀಟನಾಶಕದ ವಿಷಯದಲ್ಲಿ ನಿಮ್ಮ ಅಂಜಿಕೆ ಸರಿಯಾದದ್ದು. ನಾಯಿ ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ. ವಿಷ ಚರ್ಮದಿಂದ ಮಾತ್ರವಲ್ಲ, ಬಾಯಿಯಿಂದಲೂ ಒಳಹೋಗುತ್ತದೆ. ಜೊಲ್ಲು ಸುರಿಸುತ್ತಾ, ಕಾಲು ಸೆಟೆಸಿಕೊಂಡು ಬಂದ ಇಂಥ ನಾಯಿಗಳನ್ನು ನನ್ನ ಸೇವೆಯ ಕಾಲದಲ್ಲಿ ಪ್ರತಿ ಮಳೆಗಾಲದಲ್ಲೂ ನೋಡಿದ್ದೇನೆ, ಎಲ್ಲವನ್ನೂ ಉಳಿಸಲು ಆಗಲಿಲ್ಲ. ಸೀಮೆಎಣ್ಣೆ, ಫಿನಾಯಿಲ್, ಹೊಗೆಸೊಪ್ಪಿನ ಕಷಾಯ ಇವೂ ಅದೇ ಸಾಲಿಗೆ ಸೇರುತ್ತವೆ.

ಇನ್ನು ಮುಖ್ಯ ವಿಷಯ. ನೀವು ವರ್ಣಿಸಿರುವುದು ಚಿಗಟ, ಉಣ್ಣೆಯಲ್ಲ. ಉಣ್ಣೆ, ಅಂದರೆ ನಿಮ್ಮ ಕಡೆಯ ಉಣುಗು, ಎಂಟು ಕಾಲಿನದು. ಹಾರುವುದಿಲ್ಲ, ಕಚ್ಚಿಹಿಡಿದು ಒಂದೇ ಜಾಗದಲ್ಲಿ ಉಬ್ಬುತ್ತದೆ. ಚಿಗಟ ಆರು ಕಾಲಿನ, ಪಕ್ಕದಿಂದ ಅದುಮಿದಂತೆ ಚಪ್ಪಟೆಯಾದ, 2–3 ಮಿಲಿಮೀಟರ್ ಉದ್ದದ, ರೆಕ್ಕೆಯಿಲ್ಲದ ಕೀಟ. ಇದು ಒಂದು ಅಡಿಗೂ ಮಿಕ್ಕಿ ಹಾರಬಲ್ಲದು. ಸಂಶಯ ಉಳಿದರೆ ಹೇನು ಬಾಚುವ ಸೀರಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಬರಿಯ ಮಣ್ಣಾದರೆ ಮಣ್ಣಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಅದರ ಸುತ್ತ ಕೆಂಗಂದು ಬಣ್ಣ ಹರಡುತ್ತದೆ, ಏಕೆಂದರೆ ಅದು ಜೀರ್ಣವಾಗದೆ ಉಳಿದ ನಿಮ್ಮ ನಾಯಿಯ ರಕ್ತವೇ.

ನೀವು ಬಳಸಿದ ಔಷಧ ಕಳಪೆಯೆಂದು ನಾನು ಈಗಲೇ ಹೇಳಲಾರೆ. ಹನಿ ಔಷಧ ಚರ್ಮದ ಎಣ್ಣೆಯ ಅಂಶದೊಂದಿಗೆ ಬೆರೆತು ಮೈಯೆಲ್ಲ ಹರಡಬೇಕು. ಆದ್ದರಿಂದ ಹಾಕುವ ಎರಡು ದಿನ ಮುಂಚೆಯೂ ಹಾಕಿದ ಮೇಲೆ ಎರಡು ದಿನವೂ ಸ್ನಾನ ಕೂಡದು. ಮುಂಚಿನ ದಿನ ಶಾಂಪೂ ಹಾಕಿ ಎಣ್ಣೆಯನ್ನು ತೊಳೆದಿರಿ, ಮರುದಿನ ಔಷಧವನ್ನೇ ತೊಳೆದಿರಿ. ಜೊತೆಗೆ ಅರ್ಧ ಉಳಿದಿದೆ ಎಂದಿದ್ದೀರಿ. 18 ಕಿಲೋ ತೂಕಕ್ಕೆಂದು ಕೊಟ್ಟ ನಳಿಕೆ ಪೂರ್ತಿ ಹೋಗಬೇಕಿತ್ತು. ಹೆಗಲ ಮೂಳೆಗಳ ನಡುವೆ ಕೂದಲನ್ನು ಬಿಡಿಸಿ, ಕೂದಲಿನ ಮೇಲಲ್ಲ, ಚರ್ಮದ ಮೇಲೆಯೇ ಹಿಂಡಬೇಕು. ಆ ಜಾಗ ನಾಯಿಯ ನಾಲಿಗೆಗೆ ಎಟುಕುವುದಿಲ್ಲ. ಶಾಂಪೂವಿನ ಗುಣ ಸ್ನಾನದ ನೀರಿನೊಂದಿಗೇ ಹರಿದುಹೋಗುತ್ತದೆ. ಆ ಹೊತ್ತಿಗೆ ಮೈಮೇಲಿದ್ದವು ಸಾಯುತ್ತವೆ, ಸಂಜೆ ಹೊಸದಾಗಿ ಹತ್ತುವವಕ್ಕೆ ತಡೆಯಿಲ್ಲ.

ಆದರೆ ಇವೆಲ್ಲ ಸರಿಯಾಗಿಯೇ ನಡೆದಿದ್ದರೂ ನೀವು ಇನ್ನೂ ಕೆಲವು ವಾರ ಚಿಗಟ ನೋಡುತ್ತಲೇ ಇರುತ್ತಿದ್ದಿರಿ. ರಕ್ತ ಹೀರಿದ ಒಂದೆರಡು ದಿನಗಳಲ್ಲಿ ಹೆಣ್ಣು ಚಿಗಟ ಮೊಟ್ಟೆಯಿಡಲು ಆರಂಭಿಸುತ್ತದೆ. ದಿನಕ್ಕೆ 40–50ರವರೆಗೂ ಇಡಬಲ್ಲದು. ಆ ಮೊಟ್ಟೆಗಳು ಅಂಟುವುದಿಲ್ಲ, ನಾಯಿ ಮೈಕೊಡವಿದಾಗ ಅದು ಮಲಗುವ ಜಾಗದಲ್ಲಿ ಉಪ್ಪಿನ ಹರಳಿನಂತೆ ಉದುರುತ್ತವೆ. ಅವುಗಳಿಂದ ಬರುವ ಮರಿಹುಳುಗಳು ಬೆಳಕಿಗೆ ಹೆದರಿ ನೆಲದ ಬಿರುಕು, ಗೋಣಿಯ ಮಡಿಕೆ, ಮರದ ಸಂದುಗಳನ್ನು ಸೇರುತ್ತವೆ ಮತ್ತು ಮೇಲಿನಿಂದ ಉದುರುವ ಹಿಕ್ಕೆಯನ್ನೇ ತಿಂದು ಬೆಳೆಯುತ್ತವೆ. ಆಮೇಲೆ ರೇಷ್ಮೆಹುಳುವಿನಂತೆ ಗೂಡು ಕಟ್ಟುತ್ತವೆ. ಆ ಗೂಡಿನ ಅಂಟಿಗೆ ದೂಳು ಮೆತ್ತಿಕೊಂಡು ಅದು ಕಣ್ಣಿಗೂ ಕಾಣುವುದಿಲ್ಲ, ಕೀಟನಾಶಕಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಹವೆ ಅನುಕೂಲವಾಗಿದ್ದರೆ ಮೊಟ್ಟೆಯಿಂದ ಚಿಗಟವಾಗಲು ಎರಡು ಮೂರು ವಾರ ಸಾಕು. ಅನುಕೂಲವಿಲ್ಲದಿದ್ದರೆ ಗೂಡಿನೊಳಗೇ ತಿಂಗಳುಗಟ್ಟಲೆ ಕಾದಿರುತ್ತವೆ. ಒಂದು ಮನೆಯ ಒಟ್ಟು ಚಿಗಟಗಳಲ್ಲಿ ನಾಯಿಯ ಮೈಮೇಲೆ ಕಾಣುವ ಬೆಳೆದವು ಸುಮಾರು ಶೇಕಡಾ 5 ಮಾತ್ರ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಉಳಿದ 95 ಭಾಗ ಮೊಟ್ಟೆ, ಹುಳು, ಗೂಡುಗಳ ರೂಪದಲ್ಲಿ ನಿಮ್ಮ ನೆಲದಲ್ಲಿವೆ.

ಆದ್ದರಿಂದ ನನಗೆ ನಿಮ್ಮಿಂದ ತಿಳಿಯಬೇಕಾದದ್ದು ಒಂದೇ: ಕರಿಯ ರಾತ್ರಿ ಎಲ್ಲಿ ಮಲಗುತ್ತದೆ?

ಮಲೆನಾಡಿನ ಕೃಷಿಕ

ಡಾಕ್ಟರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ವಂದನೆಗಳು. ಪೊಟ್ಟಣವನ್ನು ಕಸದಿಂದ ಹೆಕ್ಕಿ ನೋಡಿದೆ. ಫಿಪ್ರೋನಿಲ್ ಮತ್ತು ಪರ್ಮೆಥ್ರಿನ್ ಎಂದು ಬರೆದಿದೆ. ಬೆಕ್ಕಿಗೆ ಹಾಕುತ್ತೇನೆಂದು ಅಂಗಡಿಯಲ್ಲಿ ಹೇಳಿದ್ದಾಗಲೂ ಯಾರೂ ಬೇಡವೆನ್ನಲಿಲ್ಲ. ಈಗ ಎದೆ ನಡುಗುತ್ತಿದೆ.

ಬೇಸಿಗೆಯಲ್ಲಿ ಅದು ಜಗುಲಿಯ ಮೇಲೆ ಮಲಗುತ್ತದೆ. ಮಳೆಗಾಲದಲ್ಲಿ ಮಾತ್ರ ಬಚ್ಚಲು ಮನೆಯ ಒಲೆಯ ಪಕ್ಕ, ಸೌದೆ ರಾಶಿಗೆ ಒತ್ತಿಕೊಂಡು, ಒಂದು ಹಳೆಯ ಗೋಣಿಚೀಲದ ಮೇಲೆ ಮಲಗುತ್ತದೆ. ನೆಲ ಮಣ್ಣಿನದು, ಸಗಣಿ ಸಾರಿಸಿದ್ದು. ಬೆಕ್ಕೂ ಅಲ್ಲೇ ಇರುತ್ತದೆ. ಆ ಗೋಣಿ ಕಳೆದ ಮಳೆಗಾಲದ್ದೇ ಎಂದು ಬರೆಯಲು ನಾಚಿಕೆಯಾಗುತ್ತದೆ. ಕೊಟ್ಟಿಗೆಯಲ್ಲಿಯೂ ಇರಬಹುದೆಂದು ಕಳೆದ ವಾರ ಕೊಳೆರೋಗಕ್ಕೆ ಮಾಡಿ ಉಳಿದಿದ್ದ ಬೋರ್ಡೋ ದ್ರಾವಣವನ್ನು ಅಲ್ಲಿಗೆ ಚಿಮುಕಿಸಿದ್ದೆವು.

ನಿವೃತ್ತ ಪಶುವೈದ್ಯ

ಬೋರ್ಡೋ ಶಿಲೀಂಧ್ರಕ್ಕೆ ಮಾಡುವ ಔಷಧ. ಚಿಗಟಕ್ಕೆ ಅದರಿಂದ ಏನೂ ಆಗದು. ಅದರಲ್ಲಿರುವ ಮೈಲುತುತ್ತ ದನಗಳ ಹೊಟ್ಟೆಗೆ ಹೋದರೆ ಕೇಡು, ಅದು ಬಿದ್ದ ಹುಲ್ಲನ್ನು ತೆಗೆದುಬಿಡಿ.

ಒಲೆಯ ಬಿಸಿ, ಬಚ್ಚಲಿನ ತೇವ, ಸೌದೆಯ ಕತ್ತಲು, ಮಣ್ಣುನೆಲದ ಬಿರುಕು, ವರ್ಷದ ಗೋಣಿ. ಚಿಗಟ ಸಾಕಬೇಕೆಂದು ಯಾರಾದರೂ ಕೇಳಿದರೆ ನಾನು ಹೇಳಬಹುದಾಗಿದ್ದ ಜಾಗ ಇದೇ. ಮರಿಹುಳುವಿಗೆ ತೇವವೇ ಜೀವ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದರೆ ಅದು ಒಣಗಿ ಸಾಯುತ್ತದೆ, ನೇರ ಬಿಸಿಲಿಗೂ ಸಾಯುತ್ತದೆ. ಆಗುಂಬೆಯ ಆಸುಪಾಸಿನ ಆಷಾಢದಲ್ಲಿ ಅವೆರಡನ್ನೂ ನಿರೀಕ್ಷಿಸುವಂತಿಲ್ಲ, ಆದ್ದರಿಂದ ಕೆಲಸ ಒಲೆಯಿಂದಲೇ ಆಗಬೇಕು.

ಆ ಗೋಣಿಯನ್ನು ಕೊಡವದೆ, ಹಾಗೆಯೇ ಮಡಚಿ ಒಲೆಗೆ ಹಾಕಿ. ಸೌದೆಯನ್ನು ಬೇರೆಡೆಗೆ ಸರಿಸಿ, ನೆಲವನ್ನೂ ಗೋಡೆಯ ಬುಡವನ್ನೂ ಗುಡಿಸಿ, ಆ ಕಸವನ್ನೂ ಒಲೆಗೇ ಹಾಕಿ. ಬಿರುಕುಗಳಿಗೆ ಕುದಿಯುವ ನೀರು ಹೊಯ್ದು, ಆರಿದ ಮೇಲೆ ಮಣ್ಣು ತುಂಬಿ ಗಟ್ಟಿಯಾಗಿ ಸಾರಿಸಿ. ಹಾಸಲು ತೊಳೆಯಬಹುದಾದ ಹತ್ತಿಬಟ್ಟೆ ಕೊಡಿ, ಎರಡು ಜೊತೆ ಇರಲಿ. ವಾರಕ್ಕೊಮ್ಮೆ ಒಂದನ್ನು ಕುದಿಸಿ ಒಲೆಯ ಮೇಲೆಯೇ ಒಣಗಿಸಿ. ಸಿಕ್ಕರೆ ಎಸ್-ಮೆಥೊಪ್ರೀನ್ ಅಥವಾ ಪೈರಿಪ್ರಾಕ್ಸಿಫೆನ್ ಇರುವ, ಮನೆಯೊಳಗೆ ಬಳಸಲೆಂದೇ ತಯಾರಿಸಿದ ಸಿಂಪಡಣೆ ತನ್ನಿ. ಇವು ಮೊಟ್ಟೆ ಮತ್ತು ಮರಿಹುಳುಗಳನ್ನು ಮುಂದಿನ ಹಂತಕ್ಕೆ ಬೆಳೆಯಗೊಡುವುದಿಲ್ಲ. ಗೂಡಿಗೆ ಮಾತ್ರ ಇದೂ ನಾಟದು.

ಕರಿಯನ ಔಷಧದ ವಿಷಯ. ಮುಂದಿನ ಡೋಸನ್ನು ಹತ್ತಿರದ ಪಶುವೈದ್ಯರಿಗೆ ತೋರಿಸಿಯೇ ಹಾಕಿಸಿ, ಏಕೆಂದರೆ ಈಗಾಗಲೇ ಹಾಕಿದ್ದರ ಲೆಕ್ಕ ನೋಡಬೇಕು, ಚರ್ಮದ ಗಾಯವನ್ನೂ ನೋಡಬೇಕು. ಬೆಕ್ಕು ಇರುವ ಮನೆಯಾದ್ದರಿಂದ ಪರ್ಮೆಥ್ರಿನ್ ಇಲ್ಲದ್ದನ್ನೇ ಕೇಳಿ. ಬಾಯಿಗೆ ಕೊಡುವ ಮಾತ್ರೆಗಳೂ ಈಗ ಇವೆ. ಅಫಾಕ್ಸೊಲಾನರ್ ಒಂದು ತಿಂಗಳು, ಫ್ಲೂರಲಾನರ್ ಸುಮಾರು 12 ವಾರ ಕೆಲಸ ಮಾಡುತ್ತದೆ. ಕೆಸರಿನಲ್ಲಿ ಹೊರಳುವ, ಮಳೆಯಲ್ಲಿ ನೆನೆಯುವ ನಾಯಿಗೆ ನಾನಾದರೆ ಮಾತ್ರೆಯನ್ನೇ ಆರಿಸುತ್ತಿದ್ದೆ. ತೊಳೆದುಹೋಗುವ ಭಯವಿಲ್ಲ, ಬೆಕ್ಕಿಗೆ ತಗಲುವ ಭಯವೂ ಇಲ್ಲ, ಉಣುಗಿಗೂ ಆಗುತ್ತದೆ. ಆದರೆ ಕರಿಯನಿಗೆ ಎಂದಾದರೂ ಸೆಳವು ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಈ ವರ್ಗದ ಔಷಧಗಳಿಂದ ಕೆಲವು ನಾಯಿಗಳಲ್ಲಿ ನಡುಕ ಮತ್ತು ಸೆಳವು ಕಾಣಿಸಿಕೊಂಡದ್ದನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿಯೇ ಎಚ್ಚರಿಸಿದೆ.

ಬಾಲದ ಬುಡದಲ್ಲಿ ಕೂದಲು ಉದುರಿ ಕೆಂಪಾಗಿರುವುದು ಚಿಗಟದ ಜೊಲ್ಲಿಗೆ ಆಗುವ ಅಲರ್ಜಿಯ ಲಕ್ಷಣ. ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತಗಳು ಸಾಕು, ಮೈತುಂಬ ಹುಳು ಇರಬೇಕೆಂದೇನೂ ಇಲ್ಲ. ತುರಿಕೆ ಇಳಿಸಲು ವೈದ್ಯರು ಕೆಲವು ದಿನ ಔಷಧ ಕೊಡಬಹುದು, ಕೀವು ಆಗಿದ್ದರೆ ಅದಕ್ಕೆ ಬೇರೆ. ಮನುಷ್ಯರ ತುರಿಕೆ ಮುಲಾಮನ್ನು ನೀವೇ ಹಚ್ಚಬೇಡಿ, ಅದೂ ಹೊಟ್ಟೆಗೆ ಹೋಗುತ್ತದೆ.

ಕರಾವಳಿಯ ಗೃಹಿಣಿ

ಡಾಕ್ಟರರ ಮಾತಿಗೆ ಎದುರಾಡುತ್ತಿಲ್ಲ, ಆದರೆ ಹಳೆಯ ಪದ್ಧತಿಗಳನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲವೆಂದು ನನ್ನ ಅನಿಸಿಕೆ. ನಮ್ಮ ಅಜ್ಜಿಯ ಮನೆಯಲ್ಲಿ ಕೋಳಿಗೂಡಿಗೆ ಲಕ್ಕಿ ಸೊಪ್ಪು ಹಾಸುತ್ತಿದ್ದರು, ನಾಯಿಗೆ ಬೇವಿನೆಣ್ಣೆಯನ್ನು ತೆಂಗಿನೆಣ್ಣೆಯಲ್ಲಿ ಬೆರೆಸಿ ಹಚ್ಚುತ್ತಿದ್ದರು. ಉಡುಪಿಯಲ್ಲಿರುವ ನಮ್ಮ ಮನೆಯ ನಾಯಿಗೆ ನಾನು ಈಗಲೂ ಹಾಗೆಯೇ ಮಾಡುತ್ತೇನೆ, ಜೊತೆಗೆ ದಿನವೂ ಸೀರಣಿಗೆಯಲ್ಲಿ ಬಾಚಿ ಸಿಕ್ಕ ಚಿಗಟಗಳನ್ನು ಸಾಬೂನು ನೀರಿನ ಬಟ್ಟಲಿಗೆ ಹಾಕುತ್ತೇನೆ. ಬರಿಯ ನೀರಿಗೆ ಹಾಕಿದರೆ ತೇಲಿ ಮತ್ತೆ ಹಾರುತ್ತವೆ. ಸಾಬೂನು ಇದ್ದರೆ ಮುಳುಗುತ್ತವೆ. ಊಟದಲ್ಲಿ ಎರಡು ಎಸಳು ಬೆಳ್ಳುಳ್ಳಿ ಕೊಟ್ಟರೆ ರಕ್ತದ ವಾಸನೆಗೇ ಚಿಗಟ ಬರುವುದಿಲ್ಲ ಎಂದು ಕೇಳಿದ್ದೇನೆ.

ನಿವೃತ್ತ ಪಶುವೈದ್ಯ

ತಾಯಿ, ನಿಮ್ಮ ಸೀರಣಿಗೆಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಮತ್ತು ನಿಮ್ಮ ನಾಯಿ ಚೆನ್ನಾಗಿರಲು ಬಹುಪಾಲು ಕಾರಣವೂ ದಿನವೂ ತಪ್ಪದ ಆ ಕೈಯೇ ಎಂದು ನನಗೆ ತೋರುತ್ತದೆ. ಬೇವಿಗೆ ಕೀಟಗಳನ್ನು ಸ್ವಲ್ಪ ದೂರವಿಡುವ ಗುಣವಿದೆ. ಆದರೆ ಒಮ್ಮೆ ನೆಲದಲ್ಲಿ ಸಂತಾನ ತುಂಬಿಕೊಂಡ ಮನೆಯನ್ನು ಅದು ಬಿಡಿಸಲಾರದು. ಬೆಳ್ಳುಳ್ಳಿಯನ್ನು ಮಾತ್ರ ದಯವಿಟ್ಟು ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಿಗಟದಿಂದ ಮೊದಲೇ ರಕ್ತ ಕಳೆದುಕೊಂಡ ಪ್ರಾಣಿಗೆ ಅದು ಇನ್ನೂ ಕೆಟ್ಟದ್ದು. ಕರ್ಪೂರದ ಎಣ್ಣೆ, ಟೀ ಟ್ರೀ ಎಣ್ಣೆಗಳೂ ಬೇಡ.

ಬೆಂಗಳೂರಿನ ಫ್ಲಾಟ್ ನಿವಾಸಿ

ಇದು ಹಳ್ಳಿಮನೆಯ ಸಮಸ್ಯೆ ಎಂದುಕೊಂಡವರಿಗಾಗಿ ನನ್ನ ಅನುಭವವನ್ನೂ ಸೇರಿಸುತ್ತೇನೆ. ನಾಲ್ಕನೆಯ ಮಹಡಿಯ, ಟೈಲ್ಸ್ ಹಾಕಿದ ಫ್ಲಾಟ್ ನಮ್ಮದು. ಎರಡು ವರ್ಷದ ಹಿಂದೆ ನಾಯಿಯನ್ನು ಒಂದು ಬೋರ್ಡಿಂಗಿನಲ್ಲಿ ಬಿಟ್ಟು ಕರೆತಂದ ಮೇಲೆ ತುರಿಕೆ ಆರಂಭವಾಯಿತು. ಒಂದು ಸಲ ಔಷಧ ಹಾಕಿದೆವು, ಹುಳು ಕಾಣಲಿಲ್ಲ, ಮುಗಿಯಿತೆಂದು ಮರೆತೆವು. ಕೆಲವು ತಿಂಗಳ ಬಳಿಕ ನಾಯಿಯನ್ನೂ ಕರೆದುಕೊಂಡು ಮೂರು ವಾರ ಹಾಸನಕ್ಕೆ ಹೋಗಿ ಮರಳಿ ಬಾಗಿಲು ತೆರೆದರೆ, ಹಾಲಿಗೆ ಕಾಲಿಟ್ಟ ಎರಡು ನಿಮಿಷದೊಳಗೆ ನನ್ನ ಬಿಳಿ ಕಾಲುಚೀಲದ ಮೇಲೆ ಹತ್ತಿಪ್ಪತ್ತು ಚಿಗಟಗಳು. ಯಾರೂ ಇಲ್ಲದ, ಬೀಗ ಹಾಕಿದ ಮನೆಯಲ್ಲಿ ಅವು ಏನು ತಿಂದು ಬದುಕಿದವೆಂದು ನಮಗೆ ದಿಗಿಲಾಯಿತು. ಕೀಟ ನಿಯಂತ್ರಣದವರು ಬಂದು ಮನೆಯಿಡೀ ಔಷಧ ಹೊಡೆದು ಹಣ ಪಡೆದು, ಇನ್ನು ಬರುವುದೇ ಇಲ್ಲವೆಂದು ಹೋದರು. ಹತ್ತು ದಿನಕ್ಕೆ ಮತ್ತೆ ಬಂದವು. ಡಾಕ್ಟರೇ, ಇದಕ್ಕೆ ಕಾರಣವೇನೆಂದು ನನಗೆ ಇಂದಿಗೂ ಸ್ಪಷ್ಟವಾಗಿಲ್ಲ.

ನಿವೃತ್ತ ಪಶುವೈದ್ಯ

ಅವು ಏನನ್ನೂ ತಿನ್ನುತ್ತಿರಲಿಲ್ಲ, ಗೂಡಿನಲ್ಲಿ ಸುಮ್ಮನೆ ಕಾಯುತ್ತಿದ್ದವು. ಒಳಗೆ ಪೂರ್ತಿ ಬೆಳೆದ ಚಿಗಟ ಹೊರಬರಲು ಒಂದು ಸೂಚನೆ ಬೇಕು: ನೆಲದ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್. ನಿಮ್ಮ ಹೆಜ್ಜೆಯೇ ಅವಕ್ಕೆ ಊಟದ ಕರೆ. ಔಷಧ ಹೊಡೆದ ದಿನ ಗೂಡಿನಲ್ಲಿದ್ದವು ಬದುಕಿಕೊಂಡವು, ಹತ್ತು ದಿನಕ್ಕೆ ಬಂದವು ಅವೇ. ಸೋಫಾದ ಸಂದು, ಮಂಚದ ಅಡಿ, ಕಾಲೊರಸು, ಜಮಖಾನೆಗಳನ್ನು ದಿನಬಿಟ್ಟು ದಿನ ವ್ಯಾಕ್ಯೂಮ್ ಮಾಡಿದರೆ ಆ ಅದುರಿಗೇ ಬಹಳಷ್ಟು ಹೊರಬರುತ್ತವೆ. ಹೊರಬಂದದ್ದು ಔಷಧ ಹಾಕಿದ ನಾಯಿಯ ಮೈ ಏರಿದರೆ ಸಾಯುತ್ತದೆ. ಹೀಗೆ ನಾಯಿಯನ್ನೇ ಬಲೆಯಾಗಿ ಮಾಡಿಕೊಂಡು, ಹುಳು ಕಾಣಲಿ ಬಿಡಲಿ, ಕನಿಷ್ಠ 3 ತಿಂಗಳು ಔಷಧವನ್ನು ತಪ್ಪಿಸದೆ ಮುಂದುವರಿಸಬೇಕು. ಜನ ಸೋಲುವುದು ಇಲ್ಲಿಯೇ. ಎರಡನೆಯ ವಾರ ಹುಳು ಕಂಡರೆ ಔಷಧ ಸೋತಿತೆಂದು ಬಿಡುತ್ತಾರೆ, ಕಾಣದಿದ್ದರೆ ಗೆದ್ದಿತೆಂದು ಬಿಡುತ್ತಾರೆ. ಬೆಂಗಳೂರಿನ ಹವೆಯಲ್ಲಿ ಚಿಗಟಕ್ಕೆ ರಜೆಯ ಕಾಲವೆಂಬುದಿಲ್ಲ, ಹೊರಗೆ ಬೇರೆ ನಾಯಿಗಳೊಡನೆ ಬೆರೆಯುವ ನಾಯಿಗೆ ವರ್ಷವಿಡೀ ಹಾಕುವುದೇ ಲೇಸು.

ಸೊರಬದ ಶಿಕ್ಷಕಿ

ನನ್ನವು ಎರಡು ಸಣ್ಣ ಪ್ರಶ್ನೆಗಳು. ನಮ್ಮ ಊರಿನಲ್ಲಿ ನಾಯಿಯ ಮೈಯಲ್ಲಿ ಯಾವ ಹುಳು ಕಂಡರೂ ಮಂಗನ ಕಾಯಿಲೆ ಬರುತ್ತದೆಂದು ಹೆದರುತ್ತಾರೆ. ಬೆಂಗಳೂರಿನ ಸಂಬಂಧಿಕರು ಪ್ಲೇಗ್ ಎನ್ನುತ್ತಾರೆ. ಇದರಲ್ಲಿ ನಿಜವೆಷ್ಟು? ಎರಡನೆಯದು, ಪಕ್ಕದ ಮನೆಯಲ್ಲಿ 5 ವಾರದ ನಾಯಿಮರಿಗಳಿವೆ, ಮೈತುಂಬ ಚಿಗಟ, ವಸಡು ಬಿಳಿಚಿಕೊಂಡಿದೆ. ಅಷ್ಟು ಚಿಕ್ಕ ಮರಿಗಳಿಗೆ ಯಾವ ಔಷಧ ಹಾಕಬಹುದು?

ನಿವೃತ್ತ ಪಶುವೈದ್ಯ

ಎರಡನೆಯದನ್ನು ಇಂದೇ ನೋಡಬೇಕು. ಬಿಳಿಚಿದ ವಸಡೆಂದರೆ ರಕ್ತಹೀನತೆ. ಚಿಗಟಗಳು ಮರಿಗಳನ್ನು ಕೊಲ್ಲುವುದು ಹೀಗೆಯೇ. ಸಾಮಾನ್ಯವಾಗಿ ಸಿಗುವ ಹನಿ ಔಷಧ, ಮಾತ್ರೆಗಳಲ್ಲಿ ಹೆಚ್ಚಿನವು 8 ವಾರ ತುಂಬಿದ ಮರಿಗಳಿಗೆ ಮಾತ್ರ. ಬೆಚ್ಚನೆಯ ನೀರು, ಮೃದು ಸಾಬೂನಿನಲ್ಲಿ ತೊಳೆದು, ತಕ್ಷಣ ಒರೆಸಿ ಬೆಚ್ಚಗಿಟ್ಟು, ಸೀರಣಿಗೆಯಲ್ಲಿ ಬಾಚಲಿ. ಹಾಸಿಗೆ ದಿನವೂ ಬದಲಾಗಲಿ. ತಾಯಿನಾಯಿಗೆ, ಹಾಲೂಡಿಸುತ್ತಿದೆ ಎಂದು ತಿಳಿಸಿ, ವೈದ್ಯರಿಂದಲೇ ಔಷಧ ಕೊಡಿಸಲಿ. ಆದರೆ ಮರಿಗಳನ್ನು ಆಸ್ಪತ್ರೆಗೆ ಒಯ್ಯುವುದಕ್ಕೆ ಇವು ಬದಲಿಯಲ್ಲ.

ಮಂಗನ ಕಾಯಿಲೆ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದದ್ದು. ಅದನ್ನು ಹರಡುವುದು ಕಾಡಿನ ಉಣುಗು, ಚಿಗಟವಲ್ಲ. ಆದರೆ ಕಾಡಿಗೆ ಹೋಗಿಬರುವ ನಾಯಿಯ ಮೈಯನ್ನು ಉಣುಗಿಗಾಗಿ ತಪ್ಪದೆ ನೋಡುವುದು ಒಳ್ಳೆಯದು. ಪ್ಲೇಗನ್ನು ಹರಡಿದ್ದು ಮುಖ್ಯವಾಗಿ ಇಲಿಯ ಚಿಗಟ, ಅದರ ಜಾತಿಯೇ ಬೇರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗಿನ ನೆನಪು ಪ್ಲೇಗಮ್ಮನ ಗುಡಿಗಳಲ್ಲಿ ಉಳಿದಿದೆ, ಸಂಬಂಧಿಕರ ಭಯದ ಮೂಲವೂ ಅದೇ ಇರಬೇಕು. ಮನೆನಾಯಿಯ ಚಿಗಟದಿಂದ ನೀವು ನಿಜವಾಗಿ ಗಮನಿಸಬೇಕಾದದ್ದು ಲಾಡಿಹುಳು. ಚಿಗಟದ ಮರಿಹುಳು ಲಾಡಿಹುಳುವಿನ ಮೊಟ್ಟೆಯನ್ನು ತಿನ್ನುತ್ತದೆ, ಬೆಳೆದ ಚಿಗಟವನ್ನು ನಾಯಿ ಕಚ್ಚಿ ನುಂಗುತ್ತದೆ, ಲಾಡಿಹುಳು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ಗುದದ ಸುತ್ತ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಅದೇ. ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಹೋಗುತ್ತದೆ, ಚಿಗಟ ಉಳಿದರೆ ಮತ್ತೆ ಬರುತ್ತದೆ. ನೆಲದಲ್ಲಿ ಆಡುವ ಪುಟ್ಟ ಮಕ್ಕಳು ಅಪ್ಪಿತಪ್ಪಿ ಚಿಗಟ ನುಂಗಿದರೆ ಅವರಿಗೂ ಬರಬಹುದು.

ಮಲೆನಾಡಿನ ಕೃಷಿಕ (ಏಳು ವಾರಗಳ ನಂತರ)

ಕೇಳಿ ಸುಮ್ಮನಾದೆನೆಂದು ಯಾರೂ ಭಾವಿಸಬಾರದೆಂದು ವಿವರ ಬರೆಯುತ್ತಿದ್ದೇನೆ. ಗೋಣಿಯನ್ನು ಅಂದೇ ಸುಟ್ಟೆವು. ಸೌದೆಯನ್ನು ಹಿತ್ತಿಲ ಮಾಡಿಗೆ ಸಾಗಿಸಲು ಎರಡು ದಿನ ಹಿಡಿಯಿತು. ನೆಲವನ್ನು ನಮ್ಮಮ್ಮ ತಾವೇ ನಿಂತು ಸಾರಿಸಿದರು. ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರು ಕರಿಯನಿಗೆ ತಿಂಗಳ ಮಾತ್ರೆಯನ್ನೂ ತುರಿಕೆಗೆ ಐದು ದಿನದ ಔಷಧವನ್ನೂ ಕೊಟ್ಟರು; ಬೆಕ್ಕಿಗೆ ಬೆಕ್ಕಿನದೇ ಹನಿ ಔಷಧವನ್ನು ಶಿವಮೊಗ್ಗದಿಂದ ತರಿಸಬೇಕಾಯಿತು. ಎರಡನೆಯ ಮತ್ತು ಮೂರನೆಯ ವಾರಗಳಲ್ಲಿ ಚಿಗಟ ಮೊದಲಿಗಿಂತ ಹೆಚ್ಚಾದಂತೆಯೇ ಕಂಡಿತು. ಡಾಕ್ಟರರು ಮೊದಲೇ ಹೇಳಿರದಿದ್ದರೆ ನಾನೂ ಔಷಧವನ್ನು ಬಯ್ದು ಬಿಟ್ಟುಬಿಡುತ್ತಿದ್ದೆ. ಐದನೆಯ ವಾರದಿಂದ ಮನೆಯವರ ಕಾಲಿಗೆ ಕಡಿತ ನಿಂತಿದೆ. ನಿನ್ನೆ ಸೀರಣಿಗೆಯಲ್ಲಿ ಬಾಚಿದಾಗ ಒಂದೇ ಒಂದು ಸಿಕ್ಕಿತು. ಬಾಲದ ಬುಡದಲ್ಲಿ ಕೂದಲು ಮತ್ತೆ ಮೊಳೆಯುತ್ತಿದೆ. ಮೂರನೆಯ ಮಾತ್ರೆಯನ್ನು ಮುಂದಿನ ವಾರ ಕೊಡಬೇಕು.

ಜಗುಲಿಯ ಮೇಲೆ ಹಲಗೆ ಹಾಕಿ, ಅಮ್ಮನ ಹಳೆಯ ಸೀರೆ ಹಾಸಿ, ಇನ್ನು ಮೇಲೆ ಅಲ್ಲಿಯೇ ಮಲಗಲೆಂದು ವ್ಯವಸ್ಥೆ ಮಾಡಿದ್ದೆವು. ಕರಿಯ ಒಂದು ರಾತ್ರಿ ಮಲಗಿತು. ಮರುದಿನ ಸಂಜೆ ಜೋರಾಗಿ ಮಳೆ ಬಂದಾಗ ಆ ಸೀರೆಯನ್ನು ಬಾಯಲ್ಲಿ ಕಚ್ಚಿ ಎಳೆದುಕೊಂಡು ಬಚ್ಚಲೊಲೆಯ ಬಳಿಗೇ ಹೋಯಿತು. ಈಗ ವಾರಕ್ಕೊಮ್ಮೆ ಆ ಸೀರೆಯನ್ನೇ ಕುದಿಸುತ್ತಿದ್ದೇವೆ.